ಬಚ್ಚಲಮನೆಯ ಎಂಟು ಅಂಕಿ

ಆ ಬುಧವಾರವೂ ಉಚ್ಚೆಂಗೆಪ್ಪ ಬಚ್ಚಲಲ್ಲಿ ಎರಡು ತಂಬಿಗೆ ನೀರು ಮೈಮೇಲೆ ಸುರುವಿಕೊಂಡು ದಿನದ ಪಾಠ ಶುರು ಮಾಡಿದ.

"ಆರು, ಏಳು, ಒಂದು, ಸೊನ್ನೆ, ಎಂಟು, ಆರು..."

ಹೆಂಡತಿ ಪಂಪಮ್ಮ ಹೊರಗೆ ಒಗೆಯುವ ಕಲ್ಲಿನ ಹತ್ತಿರ ಕೂತು ಜಾಲರಿ ತೊಳೆಯುತ್ತಿದ್ದಳು.

"ಸೊನ್ನೆ ಆದಮ್ಯಾಲ ಎರಡು ಎಂಟು ರೀ," ಅಂದಳು.

"ಗೊತ್ತೈತಿ ಬಿಡಲೇ. ನಿನಗ ಬರ್ತತೋ ಇಲ್ಲೋ ನೋಡಿದೆ."

"ದಿನಾ ಹಿಂಗ ನೋಡ್ತೀರಿ. ಹಂಗಾರ ಪಗಾರಾನೂ ನನಗ ಕೊಡಸ್ರಿ."

ಒಳಗೆ ನಕ್ಕ ಸದ್ದಾಯಿತು. ಮತ್ತೆ ಮೊದಲಿಂದ ಹೇಳಿದ. ಕೊನೆಯ "ಆರು, ನಾಕು" ಬರುವಾಗ ತಂಬಿಗೆ ಕೆಳಗಿಟ್ಟ.

ಮನೆ ಅಣೆಕಟ್ಟೆಯ ಪಕ್ಕದ ಟಿ.ಬಿ. ಡ್ಯಾಂ ಕಾಲನಿಯಲ್ಲಿ, ಬಾಡಿಗೆಯದು. ಕೆಲಸ ಸಂಡೂರಿನಲ್ಲಿ. ಗಣಿ ಗುಡ್ಡಗಳ ಮೇಲೆ ಡ್ರೋನ್ ಹಾರಿಸಿ ಫೋಟೋ ತೆಗೆಯುವ ಒಂದು ಸಣ್ಣ ಆಫೀಸು ಅದು. ಆ ಫೋಟೋಗಳೆಲ್ಲ ಸಿಂಗಪೂರದ ಮಷೀನಿಗೆ ಹೋಗಬೇಕು. ಗುಡ್ಡ ಎಷ್ಟು ಕರಗಿತು ಎಂದು ಅಳೆಯುವುದು ಅಲ್ಲಿ. ಕಳಿಸುವ ಮಷೀನು ಈ ಕಡೆ ಒಂದಿತ್ತು, ಸರ್ವರ್ ಅನ್ನುತ್ತಾರೆ. ಅದನ್ನು ನೋಡಿಕೊಳ್ಳುವವನು ಉಚ್ಚೆಂಗೆಪ್ಪ. ಸಂಡೂರಿನ ಕೆಂಪು ಧೂಳು ಗಾಳಿ ಒಳಗೆ ಹೋಗುವ ಅದರ ಮುಂದಿನ ಜಾಲರಿಗೆ ಒಂದೇ ದಿನದಲ್ಲಿ ಮೆತ್ತುತ್ತಿತ್ತು. ಅದಕ್ಕೆ ಎರಡು ಜಾಲರಿ ಇಟ್ಟಿದ್ದ. ಒಂದು ಮಷೀನಿಗೆ, ಒಂದು ಮನೆಗೆ ತೊಳೆಯಲಿಕ್ಕೆ.

ಬುಧವಾರ ಸಂಜೆ ಬಂದ. ಜ್ವಾಳದ ರೊಟ್ಟಿ, ಪುಂಡಿಪಲ್ಲೆ ಉಂಡ. ಉಪ್ಪು ಕಡಿಮೆ ಅಂದ. ಸೊಳ್ಳೆಪರದೆಯ ಹರಿದ ಮೂಲೆಯನ್ನು ನಾಳೆ ಹೊಲಿ ಅಂದ. ಅಷ್ಟೇ. ಆ ದಿನ ಮತ್ತೇನೂ ಆಗಲಿಲ್ಲ.

ಗುರುವಾರ ಬೆಳಿಗ್ಗೆ ಆಫೀಸಿನ ಜೀಪು ಹತ್ತಿದ. ಹತ್ತಿದರೆ ನಿದ್ದೆ ಮಾಡುವುದು ಅವನ ಪದ್ಧತಿ. ಸಂಡೂರು ಬಂದಾಗ ಡ್ರೈವರ್ ಮಾರೆಪ್ಪ "ಅಣ್ಣಾ, ಇಳೀರಿ" ಅಂದ. ಎರಡು ಸಲ ಅಂದ. ಮೂರನೇ ಸಲ ಭುಜ ಹಿಡಿದು ಅಲ್ಲಾಡಿಸಿದ. ಹಾರ್ಟು ನಿಂತು ಎಷ್ಟೊತ್ತಾಗಿತ್ತೋ. ತೊಳೆದ ಜಾಲರಿಯ ಚೀಲ ತೊಡೆಯ ಮೇಲೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಮಾರೆಪ್ಪ ಆ ಚೀಲ ತಂದು ಗೂಟಕ್ಕೆ ಹಾಕಿದ. ಪಂಪಮ್ಮ ಅದನ್ನು ಬಿಚ್ಚಲಿಲ್ಲ. ಸೊಳ್ಳೆಪರದೆಯನ್ನೂ ಹೊಲಿಯಲಿಲ್ಲ.

ಹನ್ನೆರಡನೇ ದಿನ ಮಾರೆಪ್ಪ ಮತ್ತೆ ಬಂದ. ಚಾ ಕುಡಿದ. ಲೋಟ ಕೆಳಗಿಡಲೊಲ್ಲದೆ ಕೈಯಲ್ಲೇ ತಿರುಗಿಸಿದ.

"ಏನ್ ಹೇಳಾಕ ಬಂದಿ, ಹೇಳಿಬಿಡಪ್ಪಾ."

"ಅಕ್ಕಾ, ಬ್ಯಾರೆ ಯಾರೋ ಹೇಳಾದಕ್ಕಿಂತ ನಾನ ಹೇಳ್ತೀನಿ. ಅಣ್ಣ ಹೋದ ದಿನದಿಂದ ಫೈಲು ಹೋಗವಲ್ವು. ಮಧ್ಯಾಹ್ನಕ್ಕ ಮುಗೀತಿದ್ದದ್ದು ಸಂಜೀಕೂ ಅರ್ಧ ಆಗವಲ್ದು. ಲೈನ್ ನೋಡೋರು ಬಂದ್ರು, ಲೈನ್ ಸರಿ ಐತಿ ಅಂದ್ರು. ಈಗ ಮ್ಯಾನೇಜರು, ಉಚ್ಚೆಂಗೆಪ್ಪ ಹೋಗೋ ಮುಂಚೆ ಏನೋ ಕೆಡಿಸಿ ಹೋಗ್ಯಾನ ಅಂತ ಹೇಳಾಕತ್ಯಾನ. ಬರೆದೂ ಕಳಸ್ತಾರಂತ ಮ್ಯಾಲಿನೋರಿಗೆ."

ಪಂಪಮ್ಮನಿಗೆ ಗೊತ್ತಿತ್ತು. ಕೆಡಿಸಿರಲಿಲ್ಲ. ಆದರೆ ಮುಟ್ಟಿದ್ದು ನಿಜ.

ಒಂದು ವರ್ಷದ ಹಿಂದಿನ ಮಾತು. ಆಫೀಸಿಗೆ ಹೊಸ ಫೈಬರ್ ಲೈನ್ ಬಂದಿತ್ತು. ಭಾಳ ಸ್ಪೀಡಿನದು. ಆದರೂ ಫೈಲು ಮೊದಲಿನ ಹಾಗೇ ತೆವಳುತ್ತಿದ್ದವು. ಉಚ್ಚೆಂಗೆಪ್ಪ ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ನಮ್ಮ ಮಷೀನು ಒಂದೀಟು ಕಳಸ್ತತಿ. ಸಿಂಗಪೂರದಿಂದ 'ಬಂತು' ಅನ್ನಾಮಟ ಸುಮ್ನ ಕುಂದರ್ತತಿ. ಆಮ್ಯಾಲ ಇನ್ನೊಂದೀಟು," ಅಂದಿದ್ದ.

ಪಂಪಮ್ಮ ಬುಕ್ಕಸಾಗರದವಳು. ಮದುವೆಗೆ ಮುಂಚೆ ಕಂಪ್ಲಿ ತನಕ ಭತ್ತದ ನಾಟಿಗೆ ಹೋದವಳು. ಶಾಲೆಗೆ ಹೋಗಿದ್ದು ಮೂರನೇ ತರಗತಿಯ ತನಕ.

"ಅದು ಹೊಸಬ ಸಸಿ ಒಗದಂಗಾತು ಬಿಡ್ರಿ," ಅಂದಿದ್ದಳು. "ಹೊಸಬ ಬದುವಿನ ಮ್ಯಾಲ ನಿಂತು ಒಂದು ಕಟ್ಟು ಒಗೀತಾನ. ನಾವು 'ಆತು, ಒಗಿ' ಅಂತ ಒದರಾಮಟ ಬಾಯಿ ನೋಡ್ತಾನ. ತಿಳಿದಾವ ಕೇಳಾಕ ಮೊದ್ಲ ನಾಕು ಕಟ್ಟು ನಮ್ಮ ಹಿಂದ ಒಗದಿರ್ತಾನ. ಗದ್ದಿ ಎಷ್ಟು ದೊಡ್ಡದೋ ಅಷ್ಟು ಒಗೀಬೇಕು."

ಉಚ್ಚೆಂಗೆಪ್ಪ ಅವಳನ್ನೇ ನೋಡಿದ. ಮರುದಿನದಿಂದ ಮೊಬೈಲಿನಲ್ಲಿ ಓದತೊಡಗಿದ. ಉತ್ತರ ಬರುವ ಮೊದಲೇ ಎಷ್ಟು ಕಳಿಸಬಹುದು ಎಂದು ಹೇಳುವ ಒಂದು ಅಂಕಿ ಮಷೀನಿನೊಳಗೇ ಇತ್ತು, ಭಾಳ ಸಣ್ಣದಿತ್ತು. ದಿನಕ್ಕೊಂದು ಹೊಸ ಅಂಕಿ ಹಾಕಿ ನೋಡಿದ. ಹದಿನೈದು ದಿನಕ್ಕೆ ಈ ಎಂಟು ಅಂಕಿಯದು ಸಿಕ್ಕಿತು. ಸಂಜೆಯಾದರೂ ಮುಗಿಯದ ಕೆಲಸ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಆಫೀಸಿನವರು ಹೊಸ ಲೈನಿನ ಪ್ರತಾಪ ಅಂದರು. ಅವನು ಹ್ಞೂಂ ಅಂದ.

ಯಾಕೆಂದರೆ ಸೆಟ್ಟಿಂಗ್ ಮುಟ್ಟಬೇಡ ಎಂದು ಮ್ಯಾನೇಜರ್ ಲಿಂಗರಾಜ್ ಮೊದಲ ದಿನವೇ ಹೇಳಿದ್ದ. ಉಚ್ಚೆಂಗೆಪ್ಪ ಇಂಜಿನಿಯರ್ ಅಲ್ಲ, ಐಟಿಐ ಓದಿದ ವೈರ್‌ಮನ್. ಅಂಕಿಯನ್ನು ಅಳಿಯದ ಹಾಗೆ ಬರೆದಿಡುವ ಜಾಗ ಮಷೀನಿನಲ್ಲಿತ್ತು, ಅಲ್ಲಿ ಬರೆಯುವ ಧೈರ್ಯ ಅವನಿಗಾಗಲಿಲ್ಲ. ಸಂಜೆ ಎಲ್ಲ ಬಂದ್ ಮಾಡಿ ಹೋಗುವ ಆಫೀಸು ಅದು. ಬಂದ್ ಮಾಡಿದರೆ ಅಂಕಿ ಅಳಿದು ಹಳೆಯದೇ ಬರುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮತ್ತೆ ಹಾಕುತ್ತಿದ್ದ. ಚೀಟಿಯಲ್ಲಿ ಬರೆದರೆ ಯಾರ ಕೈಗಾದರೂ ಸಿಕ್ಕೀತೆಂದು ಬಾಯಿಪಾಠ. "ಯಾರ ಮುಂದೂ ಬಾಯಿ ಬಿಡಬ್ಯಾಡ, ಕೆಲಸ ಹೋಕ್ಕತಿ," ಅಂದಿದ್ದ. ಅವಳೂ ಬಿಟ್ಟಿರಲಿಲ್ಲ.

ಈಗ ಹೇಳಿದರೆ ಹೆಣದ ಮೇಲೆ ತಪ್ಪು ಹೊರಿಸಿದಂತೆ. ಹೇಳದಿದ್ದರೆ ಕೆಡಿಸಿ ಹೋದವನಾಗಿ ಉಳಿಯುತ್ತಾನೆ.

ಗೂಟದ ಮೇಲಿನ ಚೀಲ ತಗೊಂಡಳು.

"ನಡಿ ಮಾರೆಪ್ಪ," ಅಂದಳು.

ಆಫೀಸಿನಲ್ಲಿ ಲಿಂಗರಾಜ್ ಇದ್ದ. ಬಳ್ಳಾರಿಯಿಂದ ಬಂದ ನೀರಜಾ ಎಂಬ ಇಂಜಿನಿಯರ್ ಹುಡುಗಿ ಮಷೀನಿನ ಮುಂದೆ ಕೂತಿದ್ದಳು. ಜಾಲರಿ ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು.

"ಅಮ್ಮಾ, ಕುಂದ್ರಿ. ಬರೋ ಹಣ ಏನಿದ್ರೂ ಮ್ಯಾಲಿನ ಆಫೀಸಿನಿಂದ..." ಅಂದ ಲಿಂಗರಾಜ್.

"ಹಣ ಕೇಳಾಕ ಬಂದಿಲ್ರೀ. ನನ್ನ ಗಂಡ ಏನು ಕೆಡಿಸ್ಯಾನ ಹೇಳ್ರಿ."

ಲಿಂಗರಾಜ್ ಮಾರೆಪ್ಪನ ಕಡೆ ನೋಡಿದ. ಮಾರೆಪ್ಪ ಹೊರಗೆ ಹೋದ.

ಪಂಪಮ್ಮ ನೀರಜಾಳ ಕಡೆ ತಿರುಗಿದಳು. "ಬರಕೋ ತಾಯಿ. ಆರು, ಏಳು, ಒಂದು, ಸೊನ್ನೆ, ಎಂಟು, ಎಂಟು, ಆರು, ನಾಕು."

ನೀರಜಾ ಬರೆದುಕೊಂಡಳು. ಬರೆದದ್ದನ್ನು ನೋಡಿ, ಮಷೀನಿನ ಕಡೆ ತಿರುಗಿ, ಅದರೊಳಗಿನ ಹಳೆಯ ಅಂಕಿ ತೋರಿಸಿದಳು. "ಸರ್, ಇಲ್ಲಿ ಇರೋದು ಕಂಪನಿಯಿಂದ ಬಂದಾಗಿನ ಸೆಟ್ಟಿಂಗ್. ಇಷ್ಟು ದೂರಕ್ಕೆ ಸಾಲೋದಿಲ್ಲ. ಇವರು ಹೇಳ್ತಿರೋದೇ ಸರಿ."

"ಹಂಗಂದ್ರ ಅಂವ ಮುಟ್ಟಿದ್ದ," ಅಂದ ಲಿಂಗರಾಜ್.

"ಮುಟ್ಟಿದ್ದಾ," ಅಂದಳು ಪಂಪಮ್ಮ. "ವರ್ಷ ದಿನಾ ಮುಟ್ಟಿದಾ. ದಿನಾ ಮಧ್ಯಾಹ್ನಕ್ಕ ನಿಮ್ಮ ಫೈಲು ಮುಟ್ಟಿದ್ವು."

ನೀರಜಾ ಅಂಕಿ ಹಾಕಿದಳು. ಗೋಡೆಯ ಮೇಲಿನ ಪರದೆಯಲ್ಲಿ ತೆವಳುತ್ತಿದ್ದ ಹಸಿರು ಗೆರೆ ಓಡತೊಡಗಿತು. ಲಿಂಗರಾಜ್ ಅದನ್ನು ಭಾಳ ಹೊತ್ತು ನೋಡಿದ. ಮ್ಯಾಲಿನವರಿಗೆ ಕಳಿಸಬೇಕೆಂದು ಬರೆದಿಟ್ಟಿದ್ದ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡ.

"ಇನ್ನು ದಿನಾ ಹಾಕೋದು ಬೇಡಮ್ಮ. ಅಳಿಯದ ಜಾಗದಲ್ಲೇ ಬರೀತೀನಿ," ಅಂದಳು ನೀರಜಾ.

ಪಂಪಮ್ಮ ಪರದೆಯ ಕಡೆ ನೋಡಿದಳು. ಇನ್ನು ಆ ಅಂಕಿ ಯಾರೂ ಬಾಯಿಂದ ಹೇಳಬೇಕಾಗಿಲ್ಲ.

"ಬರಿ. ಯಾರು ಹಾಕಿದ್ದು ಅಂತನೂ ಬರಿ."

ನೀರಜಾ ಸ್ವಲ್ಪ ಯೋಚಿಸಿದಳು. ಅಂಕಿಯ ಮೇಲಿನ ಸಾಲಿನಲ್ಲಿ ಒಂದು ಗುರುತು ಹಾಕಿ, ಇಂಗ್ಲಿಷಿನಲ್ಲಿ ಅವನ ಹೆಸರು ಹೊಡೆದಳು. ಬೆರಳಿಟ್ಟು ತೋರಿಸಿದಳು.

"ಈ ಗುರುತಿದ್ದ ಸಾಲನ್ನ ಮಷೀನು ಓದೋದಿಲ್ಲಮ್ಮ. ಮನುಷ್ಯರು ಓದ್ತಾರೆ."

ಪಂಪಮ್ಮ ಇಂಗ್ಲಿಷ್ ಓದಲಾರಳು. ಆದರೂ ಆ ಸಾಲಿನ ಉದ್ದ ನೋಡಿಕೊಂಡಳು. ಆಮೇಲೆ ಚೀಲ ಬಿಚ್ಚಿ, ಕೆಂಪು ಜಾಲರಿ ತಾನೇ ತೆಗೆದು, ತೊಳೆದದ್ದನ್ನು ಹಾಕಿದಳು. ಯಾರೂ ಬ್ಯಾಡ ಅನ್ನಲಿಲ್ಲ.

ಅದಾಗಿ ಐದು ತಿಂಗಳು. ಬೆಳಿಗ್ಗೆ ಜೀಪಿನ ಹಾರ್ನು ಕೇಳುತ್ತದೆ. ಮಾರೆಪ್ಪ ಕಿಟಕಿಯಿಂದ ಹೊಲಸಾದ ಜಾಲರಿ ಕೊಡುತ್ತಾನೆ, ಒಣಗಿದ್ದನ್ನು ಇಸಿದುಕೊಳ್ಳುತ್ತಾನೆ. ಒಮ್ಮೊಮ್ಮೆ "ಉಂಡ್ಯೇನಕ್ಕಾ" ಅನ್ನುತ್ತಾನೆ. ಅವಳು ಹ್ಞೂಂ ಅನ್ನುತ್ತಾಳೆ, ಉಣ್ಣದಿದ್ದರೂ.

ಜೀಪು ಹೋದ ಮೇಲೆ ಕಲ್ಲಿನ ಹತ್ತಿರ ಕೂರುತ್ತಾಳೆ. ಜಾಲರಿಯನ್ನು ಮೂರು ಸಲ ಕಲ್ಲಿಗೆ ತಟ್ಟಿ ಧೂಳು ಉದುರಿಸುತ್ತಾಳೆ. ತಂಬಿಗೆಯಿಂದ ನೀರು ಬಿಡುತ್ತಾಳೆ. ಕೆಂಪು ನೀರು ಕರಿಬೇವಿನ ಬುಡಕ್ಕೆ ಹರಿಯುತ್ತದೆ. ನೀರು ತಿಳಿಯಾಗುವ ತನಕ ಬಿಟ್ಟು, ಬೆಳಕಿಗೆ ಹಿಡಿದು ನೋಡಿ, ಗೋಡೆಯ ಮೊಳೆಗೆ ನೇತು ಹಾಕುತ್ತಾಳೆ.