ಗಣಪಕ್ಕನ ಖಾಲಿ ಬುಟ್ಟಿ

ಹಳದೀಪುರದ ಕಡೆ ಕೆಲಸವಿಲ್ಲದೆ ನಡೆಯುವುದು ಎರಡೇ ಜೀವ: ತಲೆ ಕೆಟ್ಟವರು, ಇಲ್ಲ ಹಗ್ಗ ಹರಿದುಕೊಂಡ ದನ. ಹಾಗಾಗಿ ದಿನಾ ಸಂಜೆ ನಡೆಯಬೇಕು ಎಂದು ಹೊನ್ನಾವರದ ಡಾಕ್ಟರು ಹೇಳಿದಾಗ ಗಣಪಿಗೆ ಕಾಯಿಲೆಗಿಂತ ದೊಡ್ಡ ಚಿಂತೆ ಅದೇ ಆಯಿತು.

"ಎಲ್ಲಿಗೆ ಅಂತ ಯಾರಾದ್ರೂ ಕೇಳಿದ್ರೆ ಎಂತ ಹೇಳೂದು?" ಎಂದು ಮಗ ಮಂಜುವನ್ನು ಕೇಳಿದಳು.

"ಆರೋಗ್ಯಕ್ಕೆ ಅನ್ನು."

"ಹೌದು, ಆರೋಗ್ಯ ರಸ್ತೆ ಮೇಲೆ ಬಿದ್ದದೆ, ಹೆಕ್ಕೂಕೆ ಹೋಗ್ತೆ ಅನ್ನಬೇಕಾ?"

ಕಡೆಗೆ ಉಪಾಯ ಅವಳಿಗೇ ಹೊಳೆಯಿತು. ಕಂಕುಳಲ್ಲಿ ಒಂದು ಖಾಲಿ ಬುಟ್ಟಿ ಇಟ್ಟುಕೊಂಡು ಹೊರಟಳು. ಬುಟ್ಟಿ ಹಿಡಿದ ಹೆಂಗಸಿಗೆ ಏನೋ ಕೆಲಸವಿದ್ದೇ ಇರುತ್ತದೆ ಎಂದು ಊರು ನಂಬುತ್ತದೆ. ಗದ್ದೆಯ ಅಂಚು ಹಿಡಿದು ದೊಡ್ಡ ರಸ್ತೆಗೆ, ಅಲ್ಲಿಂದ ಬಸ್ಸು ನಿಲ್ಲುವ ಆಲದ ಮರಕ್ಕೆ, ಕಟ್ಟೆಯ ಮೇಲೆ ನಾಲ್ಕು ಮಾತು, ದೀಪ ಹಚ್ಚುವ ಹೊತ್ತಿಗೆ ಮನೆಗೆ. ಬುಟ್ಟಿ ಹೋದ ಹಾಗೇ ಖಾಲಿ ಬರುತ್ತಿತ್ತು.

ಗಣಪಿ ಗಂಡನನ್ನು ಬೇಗ ಕಳೆದುಕೊಂಡವಳು. ಕಂಡವರ ಗದ್ದೆಯಲ್ಲಿ ನೆಟ್ಟಿ ಮಾಡಿ, ಕೊಯ್ಲು ಮಾಡಿ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಆ ಮಗ ಮುಂಬೈ ಸರಕಾರ ಇದ್ದಾಗಲೇ ಹೊನ್ನಾವರದ ಒಂದು ಕಚೇರಿಯಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ ಸಾಹೇಬರ ಬಾಗಿಲು ಕಾಯುವ ಪಟ್ಟೇವಾಲನಾದ. ಸರಕಾರ ಮೈಸೂರಿನದಾದ ಮೇಲೂ ಅದೇ ಪಟ್ಟಿ, ಅದೇ ಬಾಗಿಲು. ಸೊಸೆ ದುರ್ಗಿ ಬಂದಳು. ಇನ್ನು ಕೂತು ಉಣ್ಣುವುದೇ ಎಂದುಕೊಳ್ಳುವಾಗ ಗಣಪಿಯ ಕಾಲು ಬಾತುಕೊಂಡಿತು, ಪಾದಕ್ಕೆ ಜೋಮು ಹಿಡಿಯಿತು, ಬಾವಿಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ಉಬ್ಬಸ. ಒನಕೆಯ ಸಪ್ಪಳ ಕೇಳಿದರೂ ಎದೆ ಡವಡವ ಎನ್ನುತ್ತಿತ್ತು. ಡಾಕ್ಟರು ನೋಡಿ, "ಬೆಳ್ಳಗಿನ ಗಿರಣಿ ಅಕ್ಕಿಯಲ್ಲಿ ಸತ್ವ ಇಲ್ಲ ಅಮ್ಮ. ಮನೆಯಲ್ಲಿ ಕುಟ್ಟಿದ ಅಕ್ಕಿ ಉಣ್ಣಿ. ಉಪ್ಪು ಕಮ್ಮಿ ಮಾಡಿ, ನಡೀರಿ" ಎಂದರು. ಗಣಪಿಗೆ ಸಾಯಲು ಬಹಳ ಹೆದರಿಕೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಗಿರಣಿ ಅಕ್ಕಿ ಮುಟ್ಟುವುದಿಲ್ಲ ಎಂದು ಹಟ ಹಿಡಿದಳು.

ಕೂಲಿಗೆ ಭತ್ತ ಕುಟ್ಟುವ ಬೆಳ್ಳಿಯನ್ನು ಗೊತ್ತು ಮಾಡಿದರು. ಒನಕೆಯ ಸಪ್ಪಳ ಅತ್ತೆಗೆ ಆಗಿಬರದೆಂದು, ಅವಳು ನಡೆಯಲು ಹೋದ ಹೊತ್ತಿನಲ್ಲೇ ಕುಟ್ಟಬೇಕು ಎಂದು ಮಾತಾಯಿತು. ದುರ್ಗಿ ಬೆಳಿಗ್ಗೆ ಕೆಂಪಕ್ಕಿ ಗಂಜಿ, ಮಧ್ಯಾಹ್ನ ಬಸಳೆಯೋ ಹರಿವೆಯೋ ಹಾಕಿ ಉಪ್ಪು ಕಮ್ಮಿ ಮಾಡಿದ ಸಾರು, ತಾಜಾ ಮೀನು ಸಿಕ್ಕ ದಿನ ಅದರದೊಂದು ತೆಳು ಹುಳಿ ಮಾಡಿ ಬಡಿಸುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಬಾವು ಇಳಿಯಿತು, ಉಸಿರು ಸಮ ಆಯಿತು. ಗಣಪಿ ಆಲದ ಕಟ್ಟೆಯ ಮೇಲೆ ಕೂತು ತಾನೇ ಡಾಕ್ಟರಾದಳು. "ನಡೀಬೇಕು, ಮನೆ ಊಟ ಉಣ್ಣಬೇಕು. ಸೋಮಾರಿಗೆ ರೋಗ ಬಪ್ಪೂದೇ," ಎಂದು ಹೋಗಿ ಬರುವವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಮನೆಯಲ್ಲೂ ಹೇಳಿದ್ದಳು. ಹೋದ ಮಳೆಗಾಲದಲ್ಲಿ ದುರ್ಗಿಯ ಮೂರು ತಿಂಗಳ ಬಸುರು ಇಳಿದುಹೋಗಿತ್ತು. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಗಣಪಿ ಬಾಗಿಲಲ್ಲಿ ನಿಂತು, "ಕೂತಲ್ಲೇ ಕೂತ್ರೆ ಮೈ ಗಟ್ಟಿ ಆಗೂದು ಹ್ಯಾಂಗೆ? ನನ್ನ ಹಾಂಗೆ ನಾಲ್ಕು ಹೆಜ್ಜೆ ನಡೆದಿದ್ರೆ ಉಳೀತಿತ್ತು," ಎಂದಿದ್ದಳು. ಈಗ ದುರ್ಗಿ ಮತ್ತೆ ಬಸುರಿ, ಐದು ತಿಂಗಳು ತುಂಬಿತ್ತು.

ಒಂದು ಸಂಜೆ ಕುಮಟೆಯ ಬಸ್ಸು ಬಂದು ಆಲದ ಮರದಡಿ ನಿಂತಿತು. ಇಳಿದವಳು ಬೆಳ್ಳಿ. ಗಣಪಿಗೆ ಖುಷಿಯಾಯಿತು.

"ಬೆಳ್ಳೀ, ಇವತ್ತು ಕುಟ್ಟೂಕೆ ಹೋಗಲಿಲ್ವನೆ? ನಿನ್ನ ಕೈ ತಣ್ಣಗಿರಲಿ ಮಾರಾಯ್ತಿ. ನಿನ್ನ ಅಕ್ಕಿ ಉಂಡೇ ನಾ ಬದುಕಿದ್ದು."

ಬೆಳ್ಳಿ ಕಣ್ಣು ಕಣ್ಣು ಬಿಟ್ಟಳು. "ನನ್ನ ಅಕ್ಕಿಯಾ? ಎಂತ ಹೇಳ್ತ್ರಿ ಗಣಪಕ್ಕ? ಊರಿಗೆ ಗಿರಣಿ ಬಂದ್ಮೇಲೆ ನಂಗೆ ಕುಟ್ಟೂಕೆ ಯಾರ ಮನೆ ಉಳೀತು? ನಿಮ್ಮದೊಂದೇ ಮನೆ ನಂಬಿ ಹೊಟ್ಟೆ ತುಂಬ್ತದ್ಯಾ? ಈ ಸಲದ್ದಲ್ಲ, ಅದ್ರ ಹಿಂದಿನ ದೀಪಾವಳಿ ಮುಗಿದದ್ದೇ ಮಗಳ ಮನೆಗೆ ಕುಮಟೆಗೆ ಹೋದೆ. ದುರ್ಗಿಗೆ ಹೇಳೇ ಹೋದದ್ದು."

ದೀಪಾವಳಿ. ಅಂದರೆ ದುರ್ಗಿಯ ಬಸುರು ಇಳಿದ ಮಳೆಗಾಲಕ್ಕೂ ಎಷ್ಟೋ ಮೊದಲು. ಗಣಪಿ ಕಟ್ಟೆಯಿಂದ ಎದ್ದಳು. ಬೆಳ್ಳಿ ಇನ್ನೇನೋ ಹೇಳುತ್ತಿದ್ದಳು, ಕೇಳಲಿಲ್ಲ. ಬೇಗ ಬೇಗ ನಡೆದಳು. ಉಬ್ಬಸ ಬರಲಿಲ್ಲ.

ಅಂಚಿನ ಮೇಲೆ ನಡೆಯುತ್ತ ತನಗೆ ತಾನೇ ಹೇಳಿಕೊಂಡಳು: ನನಗೆ ಗೊತ್ತೇ ಇರಲಿಲ್ಲ. ಒಳಗಿನಿಂದ ಇನ್ನೊಂದು ದನಿ, ಗೊತ್ತಿರಲಿಲ್ಲವೋ, ಬೇಕಿರಲಿಲ್ಲವೋ ಎಂದಿತು. ಗಂಜಿ ಬಡಿಸುವಾಗ ದುರ್ಗಿಯ ಅಂಗೈ ಅವಳ ಕಣ್ಣೆದುರೇ ಬರುತ್ತಿತ್ತು. ಬೊಬ್ಬೆ ಎದ್ದು, ಒಡೆದು, ಒಣಗಿ ಜಡ್ಡು ಕಟ್ಟಿದ ಅಂಗೈ. ಕಂಡಿದ್ದಳು. ಎಂತ ಆತು ಎಂದು ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ಗಂಜಿ ತಪ್ಪುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದಿದ್ದಳು. ಬಸುರಿಯ ಕೈಗೆ ಒನಕೆ ಕೊಟ್ಟ ಅತ್ತೆಯನ್ನು ಊರು ಎಂತೆಂತ ಮಾತಲ್ಲಿ ಜರಿಯುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತುಗಳಲ್ಲಿ ಅರ್ಧ ಅವಳೇ ಬೇರೆ ಅತ್ತೆಯರ ಮೇಲೆ ಆಡಿದವು.

ಹಿತ್ತಲ ಬೇಲಿಯ ಹತ್ತಿರ ಬಂದಾಗ ಸಪ್ಪಳ ಕೇಳಿತು. ಧಪ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಧಪ್. ದುರ್ಗಿ ಸೆರಗನ್ನು ಸೊಂಟಕ್ಕೆ ಬಿಗಿದು ಒನಕೆ ಎತ್ತುತ್ತಿದ್ದಳು. ಪ್ರತಿ ಸಲ ಒಂದು ಕೈ ಹೊಟ್ಟೆಯ ಕೆಳಗೆ ಹೋಗಿ ಬರುತ್ತಿತ್ತು.

ಇಲ್ಲಿ ಗಣಪಿ ಮಾಡಿದ್ದನ್ನು ಮುಚ್ಚಿಡಬಾರದು. ಅವಳು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ವಾಪಸು ರಸ್ತೆಗೆ ಹೋಗಿ ದಿನಾ ಬರುವ ಹೊತ್ತಿಗೇ ಬಂದರೆ ಯಾರಿಗೆ ಗೊತ್ತಾಗುತ್ತದೆ? ನಾಳೆಯೂ ಗಂಜಿ ಇರುತ್ತದೆ. ಕಾಲು ಬಾತುಕೊಳ್ಳುವುದಿಲ್ಲ. ಅಷ್ಟರಲ್ಲಿ ದುರ್ಗಿ ಒನಕೆಗೆ ಹಣೆ ಆನಿಸಿ ನಿಂತಳು, ಉಸಿರು ಸಿಗದೆ. ಆ ಉಸಿರು ಗಣಪಿಗೆ ಗುರುತಿತ್ತು. ಅದು ಹಿಂದೆ ಅವಳದೇ ಆಗಿತ್ತು.

"ಇಡು ಅದನ್ನ!"

ದುರ್ಗಿ ಬೆಚ್ಚಿ ತಿರುಗಿದಳು. "ಅತ್ತೇ, ಬೇಗ ಬಂದ್ರಿ? ಸಪ್ಪಳ ಆತಾ? ಎದೆ ಬಡೀತದ್ಯಾ?"

ಈ ಹೊತ್ತಿನಲ್ಲೂ ಅವಳು ಕೇಳಿದ್ದು ಅತ್ತೆಯ ಎದೆಯ ಮಾತು. ಗಣಪಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬೇಕು ಅನಿಸಿತು.

"ಬೆಳ್ಳಿ ಹೋದದ್ದು ನಂಗೆ ಎಂತಕ್ಕೆ ಹೇಳಲಿಲ್ಲ?"

"ನೀವು ಗಿರಣಿ ಅಕ್ಕಿ ಮುಟ್ಟೂದಿಲ್ಲ ಅಂದಿದ್ರಿ. ನಿಮಗೆ ಮತ್ತೆ ಕಾಲು ಬಾತ್ರೆ? ಇವ್ರಿಗೂ ನಾನೇ ಹೇಳಬೇಡಿ ಅಂದೆ."

"ಮಳೆಗಾಲದಲ್ಲೂ ನೀನೇ ಕುಟ್ತಿದ್ಯನೆ?"

ದುರ್ಗಿ ಬಗ್ಗಿ ಒರಳಿನ ಸುತ್ತ ಚೆಲ್ಲಿದ ಅಕ್ಕಿ ಬಳಿಯತೊಡಗಿದಳು. "ಹೌದು," ಎಂದಳು ಮೆಲ್ಲಗೆ.

"ಆವತ್ತು ನಾ ಎಂತ ಹೇಳಿದೆ ಅಂತ ನೆನಪದ್ಯಾ?"

"ಹೋಗಲಿ ಬಿಡಿ ಅತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. 'ತಪ್ಪಾತು' ಎಂಬ ಒಂದು ಮಾತು ಗಣಪಿ ಹೇಳಬೇಕಿತ್ತು. ಸೊಸೆಗೆ ಹಾಗೆ ಹೇಳಿ ಗೊತ್ತಿರುವ ಬಾಯಿ ಅದಲ್ಲ. ಅವಳು ಕಂಕುಳ ಬುಟ್ಟಿಯನ್ನು ತೆಗೆದು ದುರ್ಗಿಯ ಕೈಗೆ ಕೊಟ್ಟಳು.

"ಹೋಗು. ಮೆಲ್ಲಗೆ ಗದ್ದೆ ಅಂಚಿನ ತನಕ ನಡೆದು ಬಾ. ಗಾಳಿಗೆ ಕೂತ್ಕೋ."

"ಸುಮ್ನೆ ನಡೆದ್ರೆ ನೋಡಿದವರು ಎಂತ ಹೇಳೂದಿಲ್ಲ?"

"ಬುಟ್ಟಿ ಅದೆಯಲ್ಲ. ಯಾರೂ ಕೇಳೂದಿಲ್ಲ. ನಾ ನೋಡಿದ್ದೆ."

ದುರ್ಗಿ ಅನುಮಾನಿಸುತ್ತ, ತಿರುತಿರುಗಿ ನೋಡುತ್ತ ಹೋದಳು. ಗಣಪಿ ಸೆರಗು ಬಿಗಿದು ಒನಕೆ ಎತ್ತಿದಳು. ನಾಳೆಯಿಂದ ಗಿರಣಿ ಅಕ್ಕಿಯೇ ಆಗಲಿ, ಒರಳಿನಲ್ಲಿ ಉಳಿದದ್ದನ್ನು ತಾನೇ ಮುಗಿಸಬೇಕು. ಸಪ್ಪಳಕ್ಕೆ ಎದೆ ಹಾರಲಿ, ರಟ್ಟೆ ಬೀಳಲಿ, ಅಂಗೈ ಒಡೆಯಲಿ ಎಂದೇ ಜೋರಾಗಿ ಕುಟ್ಟಿದಳು. ಅಷ್ಟಾದರೂ ನೋವು ತನಗೆ ಸಲ್ಲಬೇಕು ಅನಿಸುತ್ತಿತ್ತು.

ಒರಳು ಮುಗಿಯಿತು. ಎದೆ ಹಾರಲಿಲ್ಲ. ರಟ್ಟೆ ಬೀಳಲಿಲ್ಲ. ಕಾಲು ಗಟ್ಟಿಯಾಗಿ ನೆಲದ ಮೇಲೆ ನಿಂತಿತ್ತು. ದುರ್ಗಿ ಆ ಮೈಯನ್ನು ಅಷ್ಟು ಚೆನ್ನಾಗಿ ಸಾಕಿದ್ದಳು. ಗಣಪಿ ಒನಕೆ ಕೆಳಗೆ ಬಿಟ್ಟು ಅಲ್ಲೇ ಕೂತು ಅತ್ತಳು.