ಯಾರಿಗೂ ಹೇಳದ ಮಾರಾಟ

ಕಂಪನಿ ಮಾರಿಸಿಕೊಡುವುದು ನನ್ನ ಕೆಲಸ. ಮೊದಲು ಬೆಲೆ ಕಟ್ಟಬೇಕು, ಆಮೇಲೆ ಗಿರಾಕಿಗೆ ತೋರಿಸಬೇಕು, ಕೊನೆಗೆ ಸಹಿ. ಸಹಿಯಾಗುವವರೆಗೆ ಯಾರಿಗೂ ಹೇಳಬಾರದು ಅನ್ನುವುದು ನನ್ನ ಕಟ್ಟಪ್ಪಣೆ.

ಅರವತ್ತರ ದಶಕದಲ್ಲಿ ಹಳಿಯಾಳದ ಬಸಪ್ಪ ಸಾಹುಕಾರರ ಕಟ್ಟಿಗೆ ಕೊರೆಯುವ ಕಂಪನಿಯನ್ನು ಹುಬ್ಬಳ್ಳಿಯವರೊಬ್ಬರಿಗೆ ಕೊಡಿಸುತ್ತಿದ್ದೆ. ಅರ್ಧ ಪಾಲು ವೀರಭದ್ರಪ್ಪ ಎಂಬವರ ಹೆಸರಿನಲ್ಲಿತ್ತು. "ಅವನ ಸಹಿ ನನಗ ಬಿಡ್ರಿ" ಎಂದಿದ್ದರು ಸಾಹುಕಾರರು. ಬಿಟ್ಟೆ.

ಗಿರಾಕಿಯನ್ನು ಸಾಗವಾನಿ ವ್ಯಾಪಾರಿ ಅಂತ ಹೇಳಿಯೇ ಒಳಗೆ ಕರೆದೊಯ್ದೆವು. ಎಲ್ಲರೂ ಮೇಸ್ತ್ರಿ ಎಂದು ಕರೆಯುತ್ತಿದ್ದವನೊಬ್ಬ ಪ್ರತಿ ಗರಗಸವನ್ನೂ ಒರೆಸಿ ಒರೆಸಿ ತೋರಿಸಿದ. ಮಧ್ಯಾಹ್ನ ಅವನೂ ಸಾಹುಕಾರರೂ ಒಂದೇ ಗಂಗಾಳದಲ್ಲಿ ರೊಟ್ಟಿ ತಿಂದರು. ದೊಡ್ಡ ಮನಸ್ಸಿನ ಮಾಲಕ ಅಂದುಕೊಂಡೆ.

ಸಹಿಯ ದಿನ ವೀರಭದ್ರಪ್ಪನವರೆಲ್ಲಿ ಎಂದು ಕೇಳಿದೆ. ಸಾಹುಕಾರರು ಮೇಸ್ತ್ರಿಯನ್ನು ಕೂಗಿದರು.

"ಇವನ ರೀ. ನನ್ನ ತಮ್ಮ."

ನಾನು ಸಾಹುಕಾರರನ್ನು ಕೇಳಿದೆ: "ಇವರಿಗೆ ಮಾರಾಟದ ಸುದ್ದಿ ಹೇಳಿಲ್ವೇ?"

"ಯಾರಿಗೂ ಹೇಳಬ್ಯಾಡ್ರಿ ಅಂದವರು ನೀವ ಅಲ್ರಿ?"

ಮಾತುಕತೆ ನಡೆದ ಮೂರು ತಿಂಗಳೂ ಸಾಹುಕಾರರು ತಮ್ಮನ ಜೊತೆ ದಿನಾ ಒಂದೇ ಗಂಗಾಳದಲ್ಲಿ ಉಂಡು, ಮಾರಾಟದ ಬಗ್ಗೆ ಒಂದು ಮಾತು ಆಡಿರಲಿಲ್ಲ.

ವೀರಭದ್ರಪ್ಪ ನಿಂತಲ್ಲೇ ಕಾಗದವನ್ನು ಪೂರ್ತಿ ಓದಿದರು. ಕೈಗೆ ಹತ್ತಿದ್ದ ಕಟ್ಟಿಗೆ ಪುಡಿಯನ್ನು ಧೋತರಕ್ಕೆ ಒರೆಸಿಕೊಂಡು, "ಅಣ್ಣ ಮಾಡ್ಯಾನಂದ್ರ ಆತು" ಎಂದು ಸಹಿ ಹಾಕಿದರು. ಆಮೇಲೆ ಹುಬ್ಬಳ್ಳಿಯವರ ಕಡೆ ತಿರುಗಿ ಕೇಳಿದರು: "ನಾಳೆ ನಾ ಎಷ್ಟೊತ್ತಿಗೆ ಬರಬೇಕ್ರಿ?"

ಆ ಮಧ್ಯಾಹ್ನ ರೊಟ್ಟಿ ಗಂಟನ್ನು ಯಾರೂ ಬಿಚ್ಚಲಿಲ್ಲ.

ಗುಟ್ಟು ಕಾಯಿರಿ ಎಂದು ಈಗಲೂ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು, ನಿಮ್ಮ ಜೊತೆ ಯಾರು ಉಣ್ಣುತ್ತಾರೆ ಎಂದು ಕೇಳುತ್ತೇನೆ. ಕಂಪನಿ ಮಾರಲು ಬಂದವರು ನನ್ನನ್ನು ಹೊಟ್ಟೆಬಾಕ ಅಂದುಕೊಳ್ಳುತ್ತಾರೆ.