ಉಪಚಾರದ ‘ಬೇಡ’

ಮ್ಯಾನೇಜರ್ ಹುದ್ದೆ ತನಗೆ ಬೇಡವೆಂದು ತಾನೇ ಹೇಳಿರುವ ಸುದ್ದಿ ಶ್ರೀಗೌರಿಗೆ ಗೊತ್ತಾದದ್ದು ಬಸ್ಸಿನಲ್ಲಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟಿದ್ದ ಖಾಸಗಿ ಬಸ್ಸು ಎಮ್ಮೆಯೊಂದಕ್ಕೆ ದಾರಿ ಬಿಟ್ಟು ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಖುರ್ಷಿದ್ ಬೇಗಂ ಮುಖ ಊದಿಸಿಕೊಂಡಿದ್ದಳು. ಇಬ್ಬರೂ ಒಂದೇ ಎರಕದ ಕಾರ್ಖಾನೆಯಲ್ಲಿ ದುಡಿಯುವವರು. ಇವಳು ತಪಾಸಣೆ ವಿಭಾಗ, ಅವಳು ಸ್ಟೋರ್ಸ್.

“ಅಲ್ಲ ಗೌರಿ, ಖುರ್ಚಿ ಬೇಡ ಅಂದ್ಯಂತಲ್ಲ? ನಮಗೊಂದು ಮಾತು ಹೇಳ್ಬಾರ್ದಾ ಮಾರಾಯ್ತಿ?”

“ಯಾವ ಕುರ್ಚಿ?”

“ಅರೇ, ಕ್ವಾಲಿಟಿ ಮ್ಯಾನೇಜರ್ ಖುರ್ಚಿ. ಶ್ರೀಗೌರಿ ಮೇಡಮ್ ಬೇಡ ಅಂದ್ರು, ಅದಕ್ಕೇ ನಿಮ್ಮ ವಿಭಾಗದ ಅತುಲ್‌ಗೆ ಕೊಡ್ತಾರೆ ಅಂತ ಆಫೀಸೆಲ್ಲ ಮಾತಾಡ್ತಿದೆ.”

“ನಾನು ಯಾವಾಗ ಬೇಡ ಅಂದೆ?”

“ಅದನ್ನ ನನ್ನ ಕೇಳ್ತೀಯಾ?”

ಎಮ್ಮೆ ದಾಟಿತು, ಬಸ್ಸು ಹೊರಟಿತು. ಶ್ರೀಗೌರಿಯ ರಕ್ತ ಮಾತ್ರ ನಿಂತಲ್ಲೇ ಕುದಿಯತೊಡಗಿತು.

ಅವಳು ಹುಟ್ಟಿದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಕುಲುಮೆಯ ಪಕ್ಕ ದುಡಿದ ಅಪ್ಪನ ಮಗಳಾಗಿ. ಎಡಗಡೆ ಮನೆಯವರು ತಮಿಳಿನಲ್ಲಿ ಜಗಳವಾಡಿದರೆ ಬಲಗಡೆ ಮನೆಯವರು ತೆಲುಗಿನಲ್ಲಿ ರಾಜಿ ಮಾಡಿಸುತ್ತಿದ್ದರು. ನಡುವಿನ ಮನೆಯ ಹುಡುಗಿ ಎರಡನ್ನೂ ಕಲಿತಳು. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಸೇರಿದಾಗ ಲೇತ್ ಯಂತ್ರಕ್ಕೆ ಇವಳ ಜಡೆ ಸಿಕ್ಕಿಹಾಕಿಕೊಂಡರೆ ಏನು ಗತಿ ಎಂದು ಊರೇ ಚಿಂತಿಸಿತು. ಜಡೆ ಸುತ್ತಿ ತುರುಬು ಕಟ್ಟಿಕೊಳ್ಳಬಹುದೆಂಬ ಪರಿಹಾರ ಅಷ್ಟು ದೊಡ್ಡ ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಳಿಗೆ ಹೊಳೆಯಿತು.

ಶಿವಮೊಗ್ಗದ ಅಂಚಿನ ಈ ಕಾರ್ಖಾನೆಗೆ ಅವಳು ಸೇರಿದಾಗ ಅಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಯಾಕಿಲ್ಲ ಎಂದರೆ, “ಹೆಂಗಸರೇ ಇಲ್ಲವಲ್ಲ” ಎಂದರು. ಹೆಂಗಸರು ಯಾಕಿಲ್ಲ ಎಂದರೆ, “ಶೌಚಾಲಯ ಇಲ್ಲವಲ್ಲ” ಎಂದರು. ಈ ಚಕ್ರವನ್ನು ಒಡೆಯಲು ಅವಳಿಗೆ ಎರಡು ಮಳೆಗಾಲ ಬೇಕಾಯಿತು. ಆಮೇಲೆ ಬಂದ ಹೆಂಗಸರು ಅದನ್ನು ಇವತ್ತಿಗೂ ‘ಗೌರಿ ಮಂಟಪ’ ಎಂದೇ ಕರೆಯುತ್ತಾರೆ.

ಪಂಪಿನ ಕವಚಗಳನ್ನು ಪುಟ್ಟ ಸುತ್ತಿಗೆಯಿಂದ ಬಡಿದು, ದನಿ ಕೇಳಿ, ಒಳಗೆ ಬಿರುಕಿದೆಯೇ ಎಂದು ಹೇಳುವುದರಿಂದ ಶುರುವಾದ ಅವಳ ಕೆಲಸ ಇಡೀ ವಿಭಾಗವನ್ನು ನಡೆಸುವವರೆಗೆ ಬೆಳೆಯಿತು. ಹುದ್ದೆ ಮಾತ್ರ ಇದ್ದಲ್ಲೇ ಇತ್ತು. ಮೂವರು ಮ್ಯಾನೇಜರುಗಳು ಬಂದರು. ಮೂವರಿಗೂ ಇವಳೇ ಕೆಲಸ ಕಲಿಸಿದಳು. ಮೂವರೂ ಬೀಳ್ಕೊಡುಗೆಯ ಭಾಷಣದಲ್ಲಿ “ಶ್ರೀಗೌರಿ ಮೇಡಮ್ ಎಲ್ಲರಿಗೂ ಅಚ್ಚುಮೆಚ್ಚು” ಎಂದರು. ಎರಕದ ಕಾರ್ಖಾನೆಯಲ್ಲವೇ? ಅಚ್ಚು ಅವರ ಕೈಯಲ್ಲಿತ್ತು, ಮೆಚ್ಚು ಇವಳ ಪಾಲಿಗೆ ಬಂತು. ಮೂರನೆಯವರು ಯುಗಾದಿಗೆ ನಿವೃತ್ತರಾದ ಮೇಲೆ ಕುರ್ಚಿ ಖಾಲಿ ಬಿದ್ದಿತ್ತು. ಕೆಲಸವೆಲ್ಲ ಇವಳದೇ. ಈ ಸಲ ತಪ್ಪಲಾರದು ಎಂದು ಅವಳು ನಂಬಿದ್ದಳು. ನಲವತ್ತಾರು ವಯಸ್ಸು. ಈ ಸಲ ತಪ್ಪಿದರೆ ಇಪ್ಪತ್ತೊಂಬತ್ತರ ಅತುಲ್ ಆ ಕುರ್ಚಿಯಲ್ಲಿ ಕೂತು ಇವಳ ನಿವೃತ್ತಿಗೆ ಹಾರ ಹಾಕುವುದು ಖಂಡಿತ. ಅವನೂ ಅಚ್ಚುಮೆಚ್ಚು ಎಂದೇ ಅನ್ನುತ್ತಾನೆ.

ಆ ದಿನವೇ ಅವಳು ಮಾಲೀಕ ವಿಷ್ಣುಪ್ರಸಾದರ ಕ್ಯಾಬಿನ್ನಿಗೆ ಹೋದಳು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡುವುದು ಸುಲಭವಿತ್ತು.

“ನಿಮ್ಮ ಯಜಮಾನ್ರನ್ನ ಕೇಳಿದ್ನಲ್ಲಮ್ಮ,” ಎಂದರು ಅವರು, ಆಶ್ಚರ್ಯದಿಂದ. “ರವೀಂದ್ರನಗರದಲ್ಲಿ ಆ ಉಪನಯನ ಇತ್ತಲ್ಲ, ಊಟ ಮಾಡಿ ಕೈ ತೊಳೀತಾ ಇದ್ವಿ. ‘ಶ್ರೀಗೌರಿಯವರಿಗೆ ಕೊಡೋಣ ಅಂತಿದೀನಿ ಮೇಷ್ಟ್ರೇ’ ಅಂದೆ. ‘ಅಯ್ಯೋ ಬೇಡ ಬಿಡಿ ಸಾರ್, ಅವಳಿಗ್ಯಾಕೆ ಅಷ್ಟೊಂದು ಭಾರ’ ಅಂದ್ರು. ನಾನು ಹೆಣ್ಣುಮಕ್ಕಳ ಮೇಲೆ ಬಲವಂತವಾಗಿ ಭಾರ ಹಾಕೋನಲ್ಲ.”

“ನನ್ನ ಕೇಳ್ಲಿಲ್ಲವಲ್ಲ ಸಾರ್.”

“ಅವರನ್ನ ಕೇಳಿದ್ರೆ ನಿಮ್ಮನ್ನ ಕೇಳಿದ ಹಾಗೇ ಅಲ್ವಾ? ಈಗ ಅತುಲ್‌ಗೆ ಮಾತು ಕೊಟ್ಟುಬಿಟ್ಟಿದೀನಿ. ಆಯುಧಪೂಜೆ ಊಟ ಆದ್ಮೇಲೆ ಹೇಳೋದು ಅಂತ. ಅಷ್ಟರಲ್ಲಿ ನೀವು ಹುಡುಗನ್ನ ಸ್ವಲ್ಪ ತಯಾರು ಮಾಡಿಬಿಡಿ. ಹಾಂ, ಪೂಜೆ ದಿನದ ರಂಗೋಲೀನೂ ನೋಡ್ಕೊಳ್ಳಿ.”

ಸಂಜೆ ಮನೆಯಲ್ಲಿ ಗೋವಿಂದ ಮೇಷ್ಟ್ರು ಕಾಫಿ ಸೋಸುತ್ತಿದ್ದರು. ಹೈಸ್ಕೂಲಿನ ಸಂಸ್ಕೃತ ಮೇಷ್ಟ್ರು. ಹೆಂಡತಿಯ ಮೇಲೆ ಎಂದೂ ದನಿ ಏರಿಸದವರು, ಯಾರ ಮನೆಗೆ ಹೋದರೂ ಎರಡು ಸಲ ಕೇಳಿಸಿಕೊಳ್ಳದೆ ನೀರನ್ನೂ ಮುಟ್ಟದವರು.

“ನನ್ನ ಕೆಲಸಕ್ಕೆ ನೀವ್ಯಾಕ್ರೀ ಬೇಡ ಅಂದಿದ್ದು?”

ಸೋಸುವ ಬಟ್ಟೆ ಕೈಜಾರಿ ಲೋಟದೊಳಗೆ ಬಿತ್ತು. “ಅಯ್ಯೋ, ಅದು ಉಪಚಾರಕ್ಕೆ ಅಂದಿದ್ದು ಕಣೇ! ದೊಡ್ಡವರು ಏನಾದ್ರೂ ಕೊಡ್ತೀನಿ ಅಂದ್ರೆ ಲಬಕ್ ಅಂತ ಬಾಯಿ ಹಾಕೋಕಾಗುತ್ತಾ? ಮೊದಲ್ನೇ ಸಲ ಬೇಡ ಅನ್ನಬೇಕು. ಅವರು ಇನ್ನೊಂದ್ಸಲ ಕೇಳ್ತಾರೆ. ಆಗ ಒಪ್ಕೋಬೇಕು.”

“ಕೇಳಿದ್ರಾ?”

“ಇಲ್ಲ.” ಮೇಷ್ಟ್ರ ದನಿ ಇಳಿಯಿತು. “ಕೈ ಒರೆಸ್ಕೊಂಡು ಬೀಡಾ ತಗೊಳ್ಳೋಕೆ ಹೋದ್ರು. ಕೇಳ್ತಾರೆ ಅಂತ ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.”

ಅವರು ನಲ್ಲಿಯ ಬಳಿ ಕಾದು ನಿಂತ ಚಿತ್ರ ಕಣ್ಣಿಗೆ ಕಟ್ಟಿ ಶ್ರೀಗೌರಿಗೆ ನಗು ಬರಬೇಕಿತ್ತು. ಬರಲಿಲ್ಲ.

“ನನ್ನ ಪರವಾಗಿ ಉಪಚಾರ ಮಾಡೋಕೆ ನಿಮಗೆ ಹೇಳಿದ್ಯಾರು? ಅವರು ನಿಮ್ಮನ್ನ ಕೇಳಿದ್ದೇ ತಪ್ಪು. ನೀವು ಉತ್ತರ ಕೊಟ್ಟಿದ್ದು ಇನ್ನೂ ದೊಡ್ಡ ತಪ್ಪು. ‘ಅವಳನ್ನೇ ಕೇಳಿ’ ಅನ್ನೋಕೆ ಯಾವ ಶ್ಲೋಕ ಅಡ್ಡ ಬಂತು?”

ಮೇಷ್ಟ್ರು ಲೋಟದೊಳಗೆ ಬಿದ್ದ ಬಟ್ಟೆಯನ್ನು ಎತ್ತಿ ಹಿಂಡಿದರು. “ನಾನೇ ಹೋಗಿ ಅವರಿಗೆ ಹೇಳ್ಲಾ?” ಎಂದರು.

“ನೀವು ಇನ್ನೊಂದು ಮಾತೂ ಆಡ್ಬೇಡಿ. ಕಾಫಿ ಕೊಡಿ.”

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಕಥೆ ಕೇಳಿದ ಹೆಂಗಸರೆಲ್ಲ ಅಯ್ಯೋ ಪಾಪ ಎನ್ನುತ್ತಾರೆ ಎಂದುಕೊಂಡಿದ್ದಳು ಶ್ರೀಗೌರಿ. ಅವರು ಅಯ್ಯೋ ಎಂದರು. ಆದರೆ ತಮ್ಮತಮ್ಮ ಪಾಪ ಹೇಳಿಕೊಳ್ಳತೊಡಗಿದರು. ಮರಳಿನ ಅಚ್ಚು ಕಟ್ಟುವ ವಿಭಾಗದ ಚಿನ್ನಮ್ಮನ ಮನೆ ಹಳೇ ಕ್ವಾರ್ಟರ್ಸಿನ ಹಿಂದೆ. ಅವಳ ಕನ್ನಡ ತಮಿಳಿನ ಮೇಲೆ ಕೂತು ಸವಾರಿ ಮಾಡುತ್ತಿತ್ತು.

“ನನ್ನ ಕೂಡ ಕೇಳಿದ್ರಮ್ಮಾ. ಮೇಸ್ತ್ರಿ ಆಗ್ತೀಯಾ ಅಂತ. ನಂಗೆಲ್ಲಿ ಆಗ್ತದೆ ಸಾರೇ ಅಂದೆ. ಚುಮ್ಮಾ ಅಂದೆ, ಸುಮ್ನೆ ಬಾಯಿಮಾತಿಗೆ! ತಿರುಗಿ ನೋಡೋದ್ರೊಳಗೆ ಆ ಮುಸ್ತಕೀಮ್ ಮೇಸ್ತ್ರಿ ಆಗಿಬಿಟ್ಟಿದ್ದ. ಅವನನ್ನ ಕೇಳಿದಾಗ ಅವನು ಕೇಳಿ ಮುಗಿಸೋಕೇ ಬಿಡ್ಲಿಲ್ವಂತೆ, ಹೂಂ ಅಂದ್ನಂತೆ.”

“ನಾನೂ ಸ್ಟೋರ್ಸ್ ಇನ್‌ಚಾರ್ಜ್ ಬೇಡ ಅಂದಿದ್ದೆ,” ಎಂದಳು ಖುರ್ಷಿದ್. “ಶರಾಫತ್ತಿಗೆ. ಮರ್ಯಾದೆ ಮರ್ಯಾದೆ ಅಂತ ಮರ್ಯಾದೇನೇ ಕಳ್ಕೊಂಡ್ವಲ್ಲ!”

ಎಂಥ ಅನ್ಯಾಯವಿದು! ಈ ನಾಡಿನಲ್ಲಿ ‘ಬೇಡ’ ಎಂದರೆ ಬೇಡವಲ್ಲ ಎಂದು ಗೊತ್ತಿಲ್ಲದ ಗಂಡಸಿದ್ದಾನೆಯೇ? ಮದುವೆ ಮನೆಯಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಅಡ್ಡಬಿದ್ದರೂ ಬೆರಳ ಸಂದಿಯಲ್ಲೇ ಜಿಲೇಬಿ ತೂರಿಸುವ ಜನ. ಕಾಫಿ ಬೇಡ ಎಂದವನಿಗೆ “ಅರ್ಧ ಲೋಟ” ಎಂದು ಮುಕ್ಕಾಲು ಲೋಟ ಕೊಡುವ ಜನ. ಆ ಜನಕ್ಕೆ, ಹೆಂಗಸಿಗೆ ಹುದ್ದೆ ಕೊಡುವಾಗ ಮಾತ್ರ ಇದ್ದಕ್ಕಿದ್ದಂತೆ ಶಬ್ದಾರ್ಥದ ಮೇಲೆ ಗೌರವ ಬಂದುಬಿಡುತ್ತದೆ!

ಅಂದಿನಿಂದ ಬಸ್ಸಿನ ಹಿಂದಿನ ಸೀಟುಗಳಲ್ಲಿ ತಾಲೀಮು ಶುರುವಾಯಿತು. ನಿಯಮ ಎರಡೇ. ತನಗೆ ಬೇಕಾದದ್ದನ್ನು ಯಾರಾದರೂ ಕೊಟ್ಟರೆ ಮೊದಲ ಸಲಕ್ಕೇ ಹೂಂ ಅನ್ನಬೇಕು. ಇನ್ನೊಬ್ಬಳ ಪರವಾಗಿ ಯಾರೇ ಬೇಡ ಅಂದರೂ ಅದನ್ನು ಅಲ್ಲೇ ತಡೆದು ಅವಳನ್ನೇ ಕರೆಯಬೇಕು.

“ಚಿನ್ನಮ್ಮ, ಕಿಟಕಿ ಸೀಟು ಬೇಕಾ?”

“ಪರವಾಗಿಲ್ಲಮ್ಮಾ, ನೀವೇ ಕೂತ್ಕೊಳ್ಳಿ...”

“ಫೇಲ್!” ಎಂದು ಖುರ್ಷಿದ್ ಕಿರುಚಿದಳು. “ಗೌರಿ, ಈ ಕೋಡುಬಳೆ ತಿಂತೀಯಾ?”

“ಈಗಷ್ಟೇ ತಿಂಡಿ ಆಯ್ತು...”

“ನೀನೂ ಫೇಲ್! ಮ್ಯಾನೇಜರ್ ಆಗೋಳಂತೆ, ಕೋಡುಬಳೆಗೆ ಹೆದರ್ತಾಳೆ.”

ಕಂಡಕ್ಟರ್ ಗೌಸ್ ಬಗ್ಗಿ ನೋಡಿದ. “ಏನಕ್ಕಾ ಇದು, ಹೊಸ ಸಂಘಾನಾ?”

“ಹೂಂ ಸಂಘ,” ಎಂದಳು ಖುರ್ಷಿದ್. “ಮಹಿಳಾ ದಿನಕ್ಕೆ ಪ್ರತಿ ವರ್ಷ ಒಂದು ಹೂ ಕೊಟ್ಟು ಕಳಿಸ್ತಾರೆ. ನಾವು ಅದಕ್ಕೊಂದು ಸೊನ್ನೆ ಸೇರಿಸ್ಕೊಂಡಿದೀವಿ.”

ದಿನ ಕಳೆದಂತೆ ಬೇರೆ ವಿಭಾಗದವರೂ ಹಿಂದಿನ ಸೀಟಿಗೆ ಬರತೊಡಗಿದರು. ಯಾರ ಮಗುವಿಗೆ ಜ್ವರ, ಯಾರ ಪಾಳಿ ಯಾರು ನೋಡಿಕೊಳ್ಳುವುದು, ಯಾರು ಯಾರಿಗೆ ಕಂಪ್ಯೂಟರ್ ಹೇಳಿಕೊಡುವುದು, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಇನ್ನೊಂದು ಮಾತೂ ಅಲ್ಲೇ ಆಯಿತು. ಅದನ್ನು ಎತ್ತಿದವಳು ಚಿನ್ನಮ್ಮ. “ಇನ್ಮೇಲೆ ನಮ್ಮ ತಲೆ ಮೇಲೆ ಕೂರೋನಿಗೆ ನಾವೇ ಪಾಠ ಹೇಳಿಕೊಡೋದು ಬೇಡಮ್ಮಾ. ಇದು ಉಪಚಾರದ ಬೇಡ ಅಲ್ಲ.”

ಆಯುಧಪೂಜೆ ಬಂತು. ಯಂತ್ರಗಳು ಚೆಂಡುಹೂ ಮುಡಿದವು, ಕುಲುಮೆ ವಿಭೂತಿ ಬಳಿದುಕೊಂಡಿತು, ಗೇಟಿನಲ್ಲಿ ಬೂದುಗುಂಬಳ ಒಡೆಯಿತು. ರಂಗೋಲಿಯನ್ನು ಶ್ರೀಗೌರಿ ಹಾಕಲಿಲ್ಲ. ಅತುಲ್‌ಗೆ ಹೇಳಿದಳು. ಅವನು ಒಂದು ದುಂಡು ಎಳೆದು ಅದರೊಳಗೆ ‘ಸ್ವಾಗತ’ ಎಂದು ಬರೆದ.

ಆ ದಿನ ಶೆಡ್ಡಿನಲ್ಲಿ ಸಾಲಾಗಿ ಎಲೆ ಹಾಕಿ ಊಟ. ಮಾಲೀಕರೇ ಕೈಯಾರೆ ಹೋಳಿಗೆ ಬಡಿಸುವುದು ಕಾರ್ಖಾನೆ ಶುರುವಾದಾಗಿನಿಂದ ಬಂದ ಪದ್ಧತಿ. ವಿಷ್ಣುಪ್ರಸಾದರು ಪಂಚೆ ಎತ್ತಿ ಕಟ್ಟಿ, ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಂದರು. ಒಬ್ಬೊಬ್ಬರಿಗೂ ಬಲವಂತ. ಶ್ರೀಗೌರಿಯ ಎಲೆಯ ಮುಂದೆ ನಿಂತರು.

“ಇನ್ನೊಂದು ಹೋಳಿಗೆ?”

“ಬೇಡ ಸಾರ್.”

“ಹಾಗಂದ್ರೆ ಹೇಗಮ್ಮ? ಒಂದೇ ಒಂದು.”

ಅವಳು ಎಲೆಗೆ ಕೈ ಅಡ್ಡ ಹಿಡಿದಳು. “ಬೇಡ ಸಾರ್.”

“ಸಂಕೋಚ ಮಾಡ್ಕೋಬೇಡಿ, ತಗೊಳ್ಳಿ, ನಿಮಗಲ್ಲದೆ ಇನ್ಯಾರಿಗೆ?”

ಶ್ರೀಗೌರಿ ತಲೆ ಎತ್ತಿದಳು. ದನಿ ನಡುಗುತ್ತಿತ್ತು, ಆದರೆ ಬಿರುಕು ಬಿಟ್ಟಿರಲಿಲ್ಲ.

“ಮೂರು ಸಲ ಕೇಳಿದ್ರಿ ಸಾರ್. ಹೋಳಿಗೆಗೆ. ಕುರ್ಚಿಗೆ ಒಂದೇ ಸಲ ಕೇಳಿದ್ರಿ. ಅದೂ ನನ್ನನ್ನಲ್ಲ, ನನ್ನ ಗಂಡನ್ನ. ಅದೂ ಕೈ ತೊಳೆಯೋ ನಲ್ಲಿ ಹತ್ರ!”

ಪಕ್ಕದಲ್ಲಿ ಖುರ್ಷಿದ್ ತನ್ನ ಎಲೆಗೆ ಕೈ ಅಡ್ಡ ಹಿಡಿದಳು. ಅವಳಾಚೆ ಚಿನ್ನಮ್ಮ. ಅವಳಾಚೆ ಇಡೀ ಹೆಂಗಸರ ಸಾಲು.

ವಿಷ್ಣುಪ್ರಸಾದರು ಕೈಯಲ್ಲಿದ್ದ ಹೋಳಿಗೆಯನ್ನು ನೋಡಿಕೊಂಡರು, ಅದೇ ಏನಾದರೂ ಉಪಾಯ ಹೇಳೀತು ಎಂಬಂತೆ. ಇಷ್ಟು ಜನರ ಎದುರು ಕೇಳಿದರೆ ಯಾವ ಗೃಹಿಣಿಯಾದರೂ ನಾಚಿ ಬೇಡ ಎಂದೇ ಎನ್ನುತ್ತಾಳೆ ಎಂಬ ಲೆಕ್ಕ ಅವರದಿರಬೇಕು. “ಅಲ್ಲಮ್ಮ, ಈಗ ನಿಮ್ಮನ್ನೇ ಕೇಳ್ತೀನಿ ಅನ್ನಿ. ನಿಮಗೆ ನಿಜವಾಗ್ಲೂ ಆ ಜವಾಬ್ದಾರಿ...”

“ಹೂಂ.”

“ಪೂರ್ತಿ ಕೇಳಿ...”

“ಹೂಂ ಅಂದೆ ಸಾರ್.”

“ಹೂಂ!” ಎಂದಿತು ಇಡೀ ಸಾಲು. ಶೆಡ್ಡಿನ ತಗಡು ಗುಂಯ್ ಎಂದಿತು.

“ಆದ್ರೆ ಅತುಲ್‌ಗೆ ಮಾತು ಕೊಟ್ಟಿದೀನಲ್ಲ,” ಎಂದು ಮಾಲೀಕರು ಎದುರು ಸಾಲಿನ ಕಡೆ ತಿರುಗಿದರು. ಅತುಲ್ ತಲೆ ತಗ್ಗಿಸಿ ಕೋಸಂಬರಿಯಲ್ಲಿ ಏನೋ ಹುಡುಕುತ್ತಿದ್ದ. ಬೇಡ ಎನ್ನಲಿಲ್ಲ. ಗಂಡುಮಕ್ಕಳಿಗೆ ಆ ಶಬ್ದವನ್ನು ಯಾರೂ ಕಲಿಸಿರುವುದಿಲ್ಲ.

“ಅವರೇ ಆಗ್ಲಿ ಸಾರೇ,” ಎಂದಳು ಚಿನ್ನಮ್ಮ. “ಆದ್ರೆ ಅವರಿಗೆ ಶ್ರೀಗೌರಿ ಅಮ್ಮ ಕಲಿಸಲ್ಲ. ನಾನೂ ಕಲಿಸಲ್ಲ. ಇಲ್ಲಿ ಕೂತಿರೋ ಯಾರೂ ಕಲಿಸಲ್ಲ. ಕಲಿತವರೇ ಬರ್ತಿದಾರಲ್ಲ, ನಾವ್ಯಾಕೆ?”

ಅತುಲ್‌ನ ಮುಖ ಹೋಳಿಗೆಯ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಅದನ್ನು ವಿಷ್ಣುಪ್ರಸಾದರೂ ನೋಡಿದರು. ಪಾಯಸವಾಯಿತು, ಮಜ್ಜಿಗೆಯಾಯಿತು, ತಾಂಬೂಲವೂ ಆಯಿತು. ಘೋಷಣೆ ಮಾತ್ರ ಆಗಲಿಲ್ಲ.

ದಸರಾ ಕಳೆದು ಅವಳನ್ನು ಕ್ಯಾಬಿನ್ನಿಗೆ ಕರೆದರು. “ಸದ್ಯಕ್ಕೆ ಪ್ರಭಾರ ಅಂತ ಇರಲಿ. ಆರು ತಿಂಗಳು ನೋಡೋಣ.” ಭಾರ ಬೇಡ ಎಂದು ಕರುಣೆ ತೋರಿದವರು ಈಗ ಪ್ರಭಾರ ಕೊಟ್ಟರು.

“ಹಿಂದಿನ ಮೂರು ಜನಕ್ಕೂ ಆರಾರು ತಿಂಗಳು ನೋಡಿದ್ರಾ ಸಾರ್?”

ವಿಷ್ಣುಪ್ರಸಾದರು ಫ್ಯಾನಿನ ವೇಗ ಹೆಚ್ಚಿಸಿದರು.

“ಹೂಂ,” ಎಂದಳು ಶ್ರೀಗೌರಿ. ಸಿಟ್ಟನ್ನು ಅಲ್ಲಿ ಬಿಟ್ಟುಬರಲಿಲ್ಲ. ಅದು ಇನ್ನೂ ಬೇಕಿತ್ತು.

ಕುರ್ಚಿ ಹಳೆಯದು, ಒಂದು ಕಡೆಗೆ ವಾಲುತ್ತಿತ್ತು. ಅದರಲ್ಲಿ ಕೂತು ಮೊದಲ ವಾರವೇ ಅವಳು ಮಾಲೀಕರ ಬಳಿ ಇನ್ನೊಂದು ಮಾತು ಎತ್ತಿದಳು. ಸ್ಟೋರ್ಸ್ ಇನ್‌ಚಾರ್ಜ್ ಜಾಗ ಮತ್ತೆ ಖಾಲಿಯಾಗಿತ್ತು, ಅದನ್ನು ಖುರ್ಷಿದ್‌ಗೆ ಕೊಡಬೇಕೆಂದಳು. “ಅವರ ಮನೆಯವರನ್ನ ಒಂದು ಮಾತು...” ಎಂದು ಶುರು ಮಾಡಿದ ವಿಷ್ಣುಪ್ರಸಾದರು ಇವಳ ಮುಖ ನೋಡಿ, “ಅಲ್ಲ, ಅವರನ್ನೇ ಕೇಳಿ” ಎಂದು ಮುಗಿಸಿದರು. ಅವಳು ಖುರ್ಷಿದ್‌ಳನ್ನು ಕರೆಸಿದಳು, ಬಾಗಿಲು ಹಾಕಿ ಎದುರಿಗೆ ಕೂರಿಸಿದಳು.

“ಸ್ಟೋರ್ಸ್ ಇನ್‌ಚಾರ್ಜ್ ಆಗ್ತೀಯಾ?”

ಬಸ್ಸಿನಲ್ಲಿ ಊರಿಗೆಲ್ಲ ಫೇಲ್ ಕೊಟ್ಟವಳ ಬಾಯಿ, ನಲವತ್ತು ವರ್ಷದ ಅಭ್ಯಾಸಬಲದಿಂದ, ತಾನಾಗಿಯೇ ತೆರೆಯಿತು. “ಅಯ್ಯೋ, ನಂಗ್ಯಾಕೆ ಗೌರಿ ಅವೆಲ್ಲ, ಬೇಡ...”

ಹೇಳಿ ಮುಗಿಸುವಷ್ಟರಲ್ಲಿ ತಾನೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹೊರಗೆ ಯಾರೋ ಕವಚವೊಂದನ್ನು ಬಡಿದರು. ಅದು ಠಣ್ ಎಂದು ಚೊಕ್ಕವಾಗಿ ಮೊಳಗಿತು.

ಶ್ರೀಗೌರಿ ವಾಲುವ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಎರಡನೇ ಸಲ ಕೇಳಿದಳು.